ಕೋವಿಡ್ ಕಾಲದಲ್ಲಿ ಗಡಿ ದಾಟಿ ಬರುವ ಮಕ್ಕಳಿಗೆ ಏಳು ದಿನಗಳ ಕ್ವಾರಂಟೈನ್: ಹಾಸ್ಟೆಲ್‌ನವರನ್ನು ಏನು ಕೇಳಬೇಕು?

ಪೆರ್ಲದ ಅಪ್ಪ (ಪ್ರಶ್ನೆ, ಸೆಪ್ಟೆಂಬರ್ 2021; ಕೆಳಗಿನ ಉತ್ತರಗಳೂ, ಅವುಗಳಲ್ಲಿನ ನಿಯಮ, ದರಗಳೂ ಆಗಿನವು)

ನಾವು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದವರು. ಮಗಳು ಮಂಗಳೂರಿನ ಕಾಲೇಜೊಂದರಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಇಷ್ಟು ತಿಂಗಳು ಜಗಲಿಯ ಒಂದು ಮೂಲೆಯಲ್ಲಿ, ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವ ಏಕೈಕ ಜಾಗದಲ್ಲಿ, ಮೊಬೈಲ್ ಹಿಡಿದು ಪಾಠ ಕೇಳಿದಳು. ಈಗ ಹಾಸ್ಟೆಲ್‌ಗೆ ಬರಬಹುದು ಎಂದು ಸಂದೇಶ ಬಂದಿದೆ. ಅದರ ಕೆಳಗೆ ಇನ್ನೊಂದು ಸಾಲು: ಕೇರಳದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ತರಬೇಕು, ಬಂದ ಮೇಲೆ ಏಳು ದಿನ ಸಾಂಸ್ಥಿಕ ಕ್ವಾರಂಟೈನ್ (ಮನೆಯಲ್ಲಲ್ಲ, ಸಂಸ್ಥೆಯವರು ಕೊಟ್ಟ ಜಾಗದಲ್ಲೇ ಪ್ರತ್ಯೇಕವಾಗಿರುವುದು), ಏಳನೆಯ ದಿನ ಮತ್ತೆ ಪರೀಕ್ಷೆ.

ಕರ್ನಾಟಕ ಸರ್ಕಾರ ಆಗಸ್ಟ್ ಕೊನೆಯಲ್ಲಿ ಹೊರಡಿಸಿದ ಆದೇಶ ಇದು. ಲಸಿಕೆ ಹಾಕಿಸಿಕೊಂಡವರಿಗೂ ರಿಯಾಯಿತಿ ಇಲ್ಲ. ಮಗಳಿಗೆ ಹದಿನೇಳು ವರ್ಷ, ಅವಳ ಪ್ರಾಯದವರಿಗೆ ಇನ್ನೂ ಲಸಿಕೆಯೇ ಶುರುವಾಗಿಲ್ಲ. ಓಣಂ ಮುಗಿದ ಮೇಲೆ ಕೇರಳದಲ್ಲಿ ದಿನವೊಂದರ ಪ್ರಕರಣಗಳು ಮೂವತ್ತು ಸಾವಿರ ದಾಟಿದ್ದು ನನಗೂ ಗೊತ್ತು. ಕೆಜಿಎಫ್‌ನ ನರ್ಸಿಂಗ್ ಕಾಲೇಜಿನಲ್ಲಿ ಕೇರಳದಿಂದ ಬಂದ ವಿದ್ಯಾರ್ಥಿಗಳಿಗೆ ಸೋಂಕು ಕಂಡುಬಂದ ಸುದ್ದಿಯನ್ನೂ ಓದಿದ್ದೇನೆ. ಹಾಗಾಗಿ ನಿಯಮವೇ ಬೇಡ ಎನ್ನುವ ಪೈಕಿ ನಾನಲ್ಲ.

ಆದರೆ ನಮಗೆ ಆಸ್ಪತ್ರೆಯೂ ಮಂಗಳೂರು, ಮದುವೆ ಜವಳಿಯೂ ಮಂಗಳೂರು, ಅಡಿಕೆ ಮಾರಾಟವೂ ಅತ್ತಲೇ. ತಿರುವನಂತಪುರ ಇಲ್ಲಿಂದ ಐನೂರು ಕಿಲೋಮೀಟರಿಗೂ ಆಚೆ. ಅಲ್ಲಿನ ಅಂಕಿಅಂಶಕ್ಕೆ ನಮ್ಮ ಮಕ್ಕಳು ಕೋಣೆಯೊಳಗೆ ಕೂರಬೇಕು. ಕಳೆದ ವರ್ಷ ಮಾರ್ಚ್‌ನಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ್ದನ್ನು ಕಂಡವರಿಗೆ ಈ ಸಿಟ್ಟು ಅರ್ಥವಾದೀತು. ಅದಿರಲಿ.

ನನಗೆ ತಿಳಿಯಬೇಕಾದದ್ದು ಇಷ್ಟು. ವರದಿ ನೆಗೆಟಿವ್ ಇರುವಾಗ ಏಳು ದಿನ ಏಕೆ? ಹಾಸ್ಟೆಲ್‌ನವರಿಗೆ ಫೋನ್ ಮಾಡಿದರೆ 'ಎಲ್ಲ ವ್ಯವಸ್ಥೆ ಇದೆ, ಕೇರಳದ ಮಕ್ಕಳನ್ನೆಲ್ಲ ಒಂದೇ ಹಾಲ್‌ನಲ್ಲಿ ಇರಿಸುತ್ತೇವೆ' ಎಂದರು. ಒಂದೇ ಹಾಲ್ ಎಂದ ಕೂಡಲೇ ನನ್ನಾಕೆ ಮಗಳ ಬಟ್ಟೆಯ ಚೀಲವನ್ನು ಮತ್ತೆ ಅಟ್ಟಕ್ಕೆ ಏರಿಸಿದ್ದಾಳೆ. ಕಳುಹಿಸಬೇಕೇ, ತಡೆಯಬೇಕೇ?

ವಾರ್ಡನ್ ಅಕ್ಕ, ಮಂಗಳೂರು

ಅಣ್ಣಾ, ನಿಮ್ಮ ಮನೆಯವರು ಮಾಡಿದ್ದು ಸರಿ. ನಾನು ಬೇರೊಂದು ಹಾಸ್ಟೆಲ್‌ನ ವಾರ್ಡನ್, ಹುಡುಗಿಯರದ್ದು. ಆದೇಶ ಬಂದ ದಿನ ನಮ್ಮ ಆಡಳಿತ ಮಂಡಳಿಯವರೂ 'ಮೇಲಿನ ಹಾಲ್ ಖಾಲಿ ಇದೆಯಲ್ಲ, ಹತ್ತು ಮಂಚ ಹಾಕಿಸಿ' ಎಂದೇ ಹೇಳಿದ್ದರು. ನಾನು ಒಪ್ಪಲಿಲ್ಲ. ಹತ್ತು ಮನೆಗಳಿಂದ ಬಂದ ಹತ್ತು ಮಕ್ಕಳನ್ನು ಒಂದೇ ಸೂರಿನಡಿ ಮಲಗಿಸಿ, ಒಂದೇ ಶೌಚಾಲಯ ಕೊಟ್ಟು, ಅದನ್ನು ಕ್ವಾರಂಟೈನ್ ಎಂದು ಕರೆದರೆ ಕಾಗದದ ಮೇಲೆ ಮಾತ್ರ ಚೆಂದ. ಒಬ್ಬಳಿಗೆ ಐದನೆಯ ದಿನ ಜ್ವರ ಬಂದರೆ ಉಳಿದ ಒಂಬತ್ತು ಮಂದಿ ಸಂಪರ್ಕಿತರು, ಅವರ ಲೆಕ್ಕ ಮತ್ತೆ ಒಂದನೆಯ ದಿನದಿಂದ ಶುರು. ಏಳು ದಿನ ಎಂದು ಬಂದ ಮಗು ಹದಿನೈದು ದಿನ ಒಳಗಿರಬೇಕಾಗುತ್ತದೆ. ಸೋಂಕಿಲ್ಲದೆ ಬಂದವಳಿಗೆ ಸೋಂಕು ತಗಲಿಸಿ ಮನೆಗೆ ಕಳುಹಿಸಿದ ಪುಣ್ಯವೂ ನಮಗೇ.

ನಾವು ಮಾಡಿದ್ದು ಹೀಗೆ. ಅತಿಥಿಗಳ ಕೋಣೆಗಳು ಮತ್ತು ಕೊನೆಯ ಮಹಡಿಯ ಒಂದು ಸಾಲು ತೆರವು ಮಾಡಿಸಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ ಕೊಟ್ಟೆವು. ಕೋಣೆ ಸಾಲದೆ ಹೋದಾಗ ಎರಡು ತಂಡ ಮಾಡಿ, ಎರಡನೆಯ ತಂಡದವರಿಗೆ 'ಹತ್ತು ದಿನ ತಡವಾಗಿ ಬನ್ನಿ, ಹಾಜರಾತಿಗೆ ತೊಂದರೆ ಇಲ್ಲ' ಎಂದು ಬರೆದುಕೊಟ್ಟೆವು. ಪ್ರತಿ ಬಾಗಿಲಿನ ಹೊರಗೆ ಒಂದು ಸ್ಟೂಲ್. ಬೆಳಿಗ್ಗೆ ಗಂಜಿ, ಉಪ್ಪಿನಕಾಯಿ, ಒಂದು ಪಲ್ಯ ತಟ್ಟೆಯಲ್ಲಿ ಮುಚ್ಚಿಟ್ಟು ಬಾಗಿಲು ತಟ್ಟಿ ಊಟ ತರುವ ಹುಡುಗಿ ಹಿಂದೆ ಸರಿಯುತ್ತಾಳೆ, ಒಳಗಿನವಳು ಮಾಸ್ಕ್ ಹಾಕಿಕೊಂಡು ಎತ್ತಿಕೊಳ್ಳುತ್ತಾಳೆ. ತಟ್ಟೆಯ ಅಡಿಗೆ ಮಾರ್ಕರ್ ಪೆನ್ನಿನಲ್ಲಿ ಹೆಸರು. ಅದನ್ನು ಅವಳೇ ತೊಳೆದು ಅವಳೇ ಇಟ್ಟುಕೊಳ್ಳಬೇಕು. ಕಿಟಕಿ ಮುಚ್ಚಿದರೆ ನನ್ನಿಂದ ಬೈಗುಳ ಖಂಡಿತ. ಸೊಳ್ಳೆ ಬರುತ್ತದೆ ಎಂದು ಎಲ್ಲರದ್ದೂ ಒಂದೇ ದೂರು, ಅದಕ್ಕೆ ಪರದೆ ಕಟ್ಟಿಸಿದೆ.

ನೀವು ಕೇಳಬೇಕಾದ ಮೊದಲ ಪ್ರಶ್ನೆ ಒಂಟಿ ಕೋಣೆ ಇದೆಯೇ ಎಂಬುದು. ಅದಕ್ಕೆ ಹೌದು ಎಂಬ ಉತ್ತರ ಬಾರದಿದ್ದರೆ ಉಳಿದದ್ದನ್ನು ಕೇಳಿ ಪ್ರಯೋಜನವಿಲ್ಲ. ಹೌದು ಎಂದರೆ, ಪಕ್ಕದ ಕೋಣೆಯವಳಿಗೆ ಸೋಂಕು ದೃಢಪಟ್ಟರೆ ನನ್ನ ಮಗಳ ದಿನಗಳನ್ನು ಹೇಗೆ ಎಣಿಸುತ್ತೀರಿ ಎಂದು ಕೇಳಿ. ಪಾಠವನ್ನು ಆ ಏಳು ದಿನವೂ ಆನ್‌ಲೈನ್‌ನಲ್ಲಿ ಕೊಡುತ್ತಾರೆಯೇ ಎಂದು ಕೇಳಿ. ಏಳನೆಯ ದಿನ ಗಂಟಲು ದ್ರವ ಕೊಟ್ಟರೆ ವರದಿ ಬರಲು ಮತ್ತೊಂದೆರಡು ದಿನ ಬೇಕು, ಬಿಡುಗಡೆ ನಿಜವಾಗಿ ಒಂಬತ್ತನೆಯ ದಿನ ಎಂದು ಮಗಳಿಗೆ ಈಗಲೇ ಹೇಳಿಬಿಡಿ. ಎಂಟನೆಯ ದಿನ ಬೆಳಿಗ್ಗೆ ಅಳುವ ಮಕ್ಕಳೇ ಜಾಸ್ತಿ.

ಪುತ್ತೂರಿನ ಡಾಕ್ಟರ್

'ನೆಗೆಟಿವ್ ಇದ್ದರೂ ಏಕೆ' ಎಂಬುದಕ್ಕೆ ಉತ್ತರ. ವೈರಾಣು ದೇಹ ಸೇರಿದ ಮೊದಲ ಒಂದೆರಡು ದಿನ ಮೂಗು, ಗಂಟಲಿನಲ್ಲಿ ಅದರ ಪ್ರಮಾಣ ತೀರಾ ಕಡಿಮೆ. ಆಗ ಪರೀಕ್ಷೆ ಮಾಡಿದರೆ ನೆಗೆಟಿವ್ ಬರುವ ಸಾಧ್ಯತೆಯೇ ಹೆಚ್ಚು. ಅದರ ಮೇಲೆ 72 ಗಂಟೆಯ ಅವಕಾಶವಿದೆ. ಸೋಮವಾರ ದ್ರವ ಕೊಟ್ಟು, ಮಂಗಳವಾರ ನೆಂಟರ ಮನೆಯ ಊಟ ಮುಗಿಸಿ, ಬುಧವಾರ ಗಡಿ ದಾಟಿದರೆ ಕೈಯಲ್ಲಿರುವ ವರದಿ ಸೋಮವಾರದ ಸುದ್ದಿ ಮಾತ್ರ ಹೇಳುತ್ತದೆ. ಲಕ್ಷಣ ಕಾಣಿಸುವವರಲ್ಲಿ ಬಹುಪಾಲು ಜನರಿಗೆ ವಾರದೊಳಗೇ ಕಾಣಿಸುತ್ತದೆ, ಅಪರೂಪಕ್ಕೆ ಹದಿನಾಲ್ಕು ದಿನದವರೆಗೂ ಹೋಗುವುದುಂಟು. ಹದಿನಾಲ್ಕು ದಿನ ಕೂಡಿಹಾಕುವ ಬದಲು ಏಳು ದಿನ ಮತ್ತು ಕೊನೆಯಲ್ಲೊಂದು ಪರೀಕ್ಷೆ ಎಂಬ ಲೆಕ್ಕವನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯೂ 2020ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತ್ತು. ವಾರ್ಡನ್ ಅವರು ಹೇಳಿದಂತೆ ಈ ಲೆಕ್ಕ ನಿಲ್ಲುವುದು ಪ್ರತ್ಯೇಕ ಕೋಣೆ ಇದ್ದರೆ ಮಾತ್ರ. ಆದೇಶದಲ್ಲಿ ದಿನ ಎಷ್ಟು ಎಂದು ಇದ್ದಷ್ಟು ಸ್ಪಷ್ಟವಾಗಿ ಕೋಣೆ ಹೇಗಿರಬೇಕು ಎಂದೂ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಮಗಳಿಗೆ ಕಳೆದ ಮೂರು ತಿಂಗಳೊಳಗೆ ಕೋವಿಡ್ ಬಂದು ಹೋಗಿದ್ದರೆ ಆ ವರದಿಯನ್ನು ಖಂಡಿತ ಜೊತೆಗೆ ಕಳುಹಿಸಿ. ವಾಸಿಯಾದವರಲ್ಲಿಯೂ ವೈರಾಣುವಿನ ಅವಶೇಷ ಉಳಿದು ಆರ್‌ಟಿಪಿಸಿಆರ್ ವಾರಗಟ್ಟಲೆ ಪಾಸಿಟಿವ್ ತೋರಿಸುವುದುಂಟು. ಹಳೆಯ ದಾಖಲೆ ಇಲ್ಲದಿದ್ದರೆ ಅವಳನ್ನು ಹೊಸ ರೋಗಿ ಎಂದೇ ಪರಿಗಣಿಸುತ್ತಾರೆ.

ಲೆಸ್ಟರ್ ಕನ್ನಡಿಗ

ನಮ್ಮದು ಮೂಲ ಕುಂಬಳೆ, ಈಗ ಇಂಗ್ಲೆಂಡ್. ಇಲ್ಲಿ ಕಳೆದ ಶಾಲಾ ವರ್ಷ ತರಗತಿಯ ಒಬ್ಬನಿಗೆ ಸೋಂಕು ಬಂದರೆ ಅವನ ಗುಂಪಿನ ಮಕ್ಕಳೆಲ್ಲ ಮೊದಲು ಹದಿನಾಲ್ಕು ದಿನ, ಡಿಸೆಂಬರ್ ನಂತರ ಹತ್ತು ದಿನ ಮನೆಯಲ್ಲಿ. ನನ್ನ ಮಗ ಅರ್ಧ ವರ್ಷ ಪೈಜಾಮದಲ್ಲೇ ಓದಿದ. ಆ ಗುಂಪು ಪದ್ಧತಿ ಜುಲೈಯಲ್ಲಿ ಹೋಯಿತು. ಆಗಸ್ಟ್ 16ರಿಂದ ಹದಿನೆಂಟೂವರೆ ವರ್ಷದೊಳಗಿನ ಸಂಪರ್ಕಿತರು ಪ್ರತ್ಯೇಕವಾಗಿರಬೇಕಾಗಿಲ್ಲ, ಪಿಸಿಆರ್ ಮಾಡಿಸಿಕೊಳ್ಳಿ ಎಂಬ ಸಲಹೆ ಮಾತ್ರ. ಹೈಸ್ಕೂಲಿನವರು ವಾರಕ್ಕೆ ಎರಡು ಬಾರಿ ಮನೆಯಲ್ಲೇ ಮೂಗಿಗೆ ಕಡ್ಡಿ ಹಾಕಿ ಪರೀಕ್ಷಿಸಿಕೊಳ್ಳುತ್ತಾರೆ. ಅಲ್ಲಿಯೂ ಹೀಗೆ ಮಾಡಬಹುದಲ್ಲವೇ?

ಪೆರ್ಲದ ಅಪ್ಪ

ಕುಂಬಳೆಯವರೇ, ನಿಮ್ಮಲ್ಲಿ ಆ ಕಿಟ್ ಸರ್ಕಾರವೇ ಉಚಿತವಾಗಿ ಕೊಡುತ್ತದೆ. ಇಲ್ಲಿ ಮನೆಯಲ್ಲಿ ಮಾಡಿಕೊಳ್ಳುವ ಕಿಟ್‌ಗೆ 250 ರೂಪಾಯಿ, ಆರ್‌ಟಿಪಿಸಿಆರ್‌ಗೆ ಕಾಸರಗೋಡಿನ ಖಾಸಗಿ ಲ್ಯಾಬ್‌ನಲ್ಲಿ 500. ವಾರಕ್ಕೆರಡು ಬಾರಿ ಎಂದರೆ ಇಬ್ಬರು ಮಕ್ಕಳಿರುವ ಮನೆಯವರು ಅಡಿಕೆ ಮರವನ್ನೇ ಅಡವಿಡಬೇಕು. ಇಲ್ಲಿ ಕೇರಳದ ಶಾಲೆಗಳಂತೂ ಇನ್ನೂ ಬಾಗಿಲೇ ತೆರೆದಿಲ್ಲ.

ಅಕ್ಕಾ, ನಿಮ್ಮ ಮಾತು ಹಿಡಿದು ಪ್ರಾಂಶುಪಾಲರಿಗೇ ಫೋನ್ ಮಾಡಿದೆ. ಮೊದಲು 'ಆದೇಶ ಸರ್ಕಾರದ್ದು' ಎಂದರು. ಆದೇಶದಲ್ಲಿ ಹಾಲ್ ಎಂದು ಎಲ್ಲಿದೆ ಸಾರ್ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ವಿಚಾರಿಸಿ ಹೇಳುತ್ತೇನೆ ಎಂದರು. ಸಂಜೆ ಕಚೇರಿಯಿಂದ ಕರೆ ಬಂತು: ಇಬ್ಬರಿಗೆ ಒಂದು ಕೋಣೆ ಕೊಡಬಹುದಂತೆ, ಒಂಟಿ ಕೋಣೆ ಆಗುವುದಿಲ್ಲವಂತೆ. ಮಗಳ ಗೆಳತಿ ಒಬ್ಬಳು ನಮ್ಮ ಪಕ್ಕದ ಊರಿನವಳೇ, ಇಬ್ಬರೂ ಇಷ್ಟು ದಿನ ಒಟ್ಟಿಗೇ ಓದಿಕೊಳ್ಳುತ್ತಿದ್ದರು. ಅವರಿಬ್ಬರೂ ಒಂದೇ ಕೋಣೆಯಲ್ಲಿದ್ದರೆ ನಡೆದೀತೇ?

ಮಂಜೇಶ್ವರದ ಅಮ್ಮ

ನಮ್ಮವನು ತಲಪಾಡಿ ಗಡಿ ದಾಟಿ ದಿನವೂ ಹೋಗಿ ಬರುತ್ತಾನೆ, ಆಗಾಗ ಪರೀಕ್ಷೆ ಮಾಡಿಸಿ ವರದಿ ತೋರಿಸಿದರೆ ಬಿಡುತ್ತಾರೆ. ದಿನವೂ ಬರುವವನಿಗೆ ಕ್ವಾರಂಟೈನ್ ಇಲ್ಲ, ಒಮ್ಮೆ ಬಂದು ಅಲ್ಲೇ ಉಳಿಯುವವಳಿಗೆ ಇದೆ. ಯಾರ ತಲೆಯಲ್ಲಿ ಹುಟ್ಟಿದ ಲೆಕ್ಕವೋ ದೇವರಿಗೇ ಗೊತ್ತು.

ವಾರ್ಡನ್ ಅಕ್ಕ, ಮಂಗಳೂರು

ಅಮ್ಮಾ, ಹಾಸ್ಟೆಲ್ ಎಂದರೆ ಒಟ್ಟಿಗೆ ಉಣ್ಣುವುದು, ಒಟ್ಟಿಗೆ ಮಲಗುವುದು. ಅದಕ್ಕೆ ಭಯ ಜಾಸ್ತಿ. ಆದರೂ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ.

ಪೆರ್ಲದ ಅಣ್ಣಾ, ನಡೆಯುತ್ತದೆ. ಮೊದಲೇ ಒಡನಾಟ ಇರುವವರು, ಒಂದೇ ದಿನ, ಒಂದೇ ವಾಹನದಲ್ಲಿ ಬಂದರೆ ಅವರಿಬ್ಬರನ್ನು ಒಂದು ಮನೆಯವರಂತೆ ನೋಡಬಹುದು. ನಾನೂ ಅಕ್ಕತಂಗಿಯರಿಬ್ಬರಿಗೆ ಹಾಗೆ ಮಾಡಿದ್ದೇನೆ. ಷರತ್ತು ಎರಡು: ಶೌಚಾಲಯ ಆ ಕೋಣೆಗೇ ಸೇರಿರಬೇಕು, ಮೂರನೆಯವರನ್ನು ನಡುವೆ ತಂದು ಸೇರಿಸಬಾರದು. ಇದನ್ನು ಬಾಯಿಮಾತಿನಲ್ಲಿ ಬಿಡದೆ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಇಬ್ಬರ ಗಂಟಲು ದ್ರವವನ್ನೂ ಒಂದೇ ದಿನ ಕೊಡಿಸಿ, ಇಲ್ಲದಿದ್ದರೆ ಒಬ್ಬಳ 72 ಗಂಟೆ ಸಾರಡ್ಕದ ಗಡಿ ತಪಾಸಣೆಯಲ್ಲೇ ಮುಗಿದುಹೋಗುತ್ತದೆ. ವರದಿಯ ಪ್ರತಿಗಳನ್ನು ಹೆಚ್ಚಿಗೆ ತೆಗೆದಿಡಿ. ಮೊಬೈಲ್‌ನಲ್ಲಿ ತೋರಿಸಿದರೆ ಸಾಕು ಎನ್ನುತ್ತಾರೆ, ಹಾಸ್ಟೆಲ್ ಕಚೇರಿಯಲ್ಲಿ ಮಾತ್ರ ಕಾಗದವೇ ಬೇಕು. ಥರ್ಮಾಮೀಟರ್, ಬಟ್ಟೆ ಒಣಗಿಸಲು ಹಗ್ಗ, ಮನೆಯ ಹಪ್ಪಳ ಸ್ವಲ್ಪ ಜಾಸ್ತಿಯೇ ಕಳುಹಿಸಿ.