ಕ್ರೆಸ್ಟೆಡ್ ಗೆಕೊ ಮರಿ ಆಹಾರ ಮುಟ್ಟುತ್ತಿಲ್ಲ: ಮೈಸೂರಿನ ಬೇಸಿಗೆಯಲ್ಲಿ ಏನು ಮಾಡಬೇಕು?

ಪ್ರಶ್ನೆ (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಮನೆಗೆ ಒಂದು ಕ್ರೆಸ್ಟೆಡ್ ಗೆಕೊ (ಸಾಕುವ ಒಂದು ಬಗೆಯ ಹಲ್ಲಿ) ಮರಿಯನ್ನು ತಂದಿದ್ದೇವೆ. ಅದರ ತೂಕ 3 ಗ್ರಾಂ. ಎರಡು ಅಡಿ ಎತ್ತರದ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮಾರಿದವರು ಹೇಳಿದಂತೆ ಮೇಲ್ಗಡೆ 60 ವ್ಯಾಟ್ ಬಲ್ಬನ್ನು ಹಗಲೆಲ್ಲ ಉರಿಸುತ್ತಿದ್ದೇವೆ. ಪೆಟ್ಟಿಗೆ ಮಹಡಿಯ ಮೇಲಿನ ಕೋಣೆಯಲ್ಲಿದೆ. ಮರಿ ತಳದ ಮೂಲೆಯಲ್ಲಿ ಮುದುರಿಕೊಂಡು ಕೂತಿರುತ್ತದೆಯೇ ಹೊರತು ಮೇಲಕ್ಕೆ ಹತ್ತುವುದಿಲ್ಲ. ನೀರಿನಲ್ಲಿ ಕಲಸಿಡುವ ಪುಡಿಯ ಆಹಾರವನ್ನು ಮುಟ್ಟಿದಂತೆ ಕಾಣುವುದಿಲ್ಲ. ನಂಜನಗೂಡು ರಸಬಾಳೆಯನ್ನು ಕಿವುಚಿ ಬಾಯಿಗೆ ಸವರಿದಾಗ ಮಾತ್ರ ಸ್ವಲ್ಪ ನೆಕ್ಕಿತು. ಮನುಷ್ಯರ ಅಭ್ಯಾಸವಾಗಲಿ ಎಂದು ಮಕ್ಕಳು ದಿನವೂ ಸಂಜೆ ಅದನ್ನು ಕೈಗೆತ್ತಿಕೊಳ್ಳುತ್ತಾರೆ. ಬಲವಂತವಾಗಿ ತಿನ್ನಿಸಬೇಕೇ? ದಯವಿಟ್ಟು ತಿಳಿದವರು ಹೇಳಬೇಕು.

ಉತ್ತರ (ಮಂಡ್ಯ)

ನಮಸ್ಕಾರ. ಬಲವಂತವಾಗಿ ತಿನ್ನಿಸುವುದು ಬೇಡ. ತಾವು ಬರೆದಿರುವುದನ್ನು ನೋಡಿದರೆ ತೊಂದರೆ ಆಹಾರದಲ್ಲಿಲ್ಲ, ಸೆಕೆಯಲ್ಲಿದೆ. ಆದ್ದರಿಂದ ಮೊದಲು ಬಲ್ಬನ್ನು ಆರಿಸಿ, ಆಮೇಲೆ ಉಳಿದ ಉತ್ತರವನ್ನು ಓದಿ.

ಈ ಗೆಕೊ ದಕ್ಷಿಣ ಪೆಸಿಫಿಕ್‌ನ ನ್ಯೂ ಕ್ಯಾಲೆಡೋನಿಯಾ ದ್ವೀಪಗಳ ಮರಗಾಡಿನ ಜೀವಿ. ಸಂತತಿಯೇ ಅಳಿದುಹೋಯಿತೆಂದು ಬಹುಕಾಲ ನಂಬಲಾಗಿದ್ದು, 1994ರಲ್ಲಿ ಮತ್ತೆ ಕಂಡುಬಂದಿತು. ಮರುಭೂಮಿಯ ಹಲ್ಲಿಗಳಂತೆ ಇದಕ್ಕೆ ಬಿಸಿ ಬೇಕಿಲ್ಲ; 22ರಿಂದ 26 ಡಿಗ್ರಿ ಸೆಲ್ಸಿಯಸ್ ಹಿತವಾಗಿರುತ್ತದೆ. 28 ದಾಟಿದ ಶಾಖ ಗಂಟೆಗಟ್ಟಲೆ ಮುಂದುವರಿದರೆ ಅದು ಬಳಲುತ್ತದೆ, ಮೂವತ್ತರ ಮೇಲೆ ಜೀವಕ್ಕೇ ಅಪಾಯ. ಮೈಸೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ 35 ಡಿಗ್ರಿ ಇರುವಾಗ, ಆರ್‌ಸಿಸಿ ಛಾವಣಿಯ ಅಡಿಯ ಕೋಣೆಯಲ್ಲಿ, ಅದೂ ಉರಿಯುವ ಬಲ್ಬಿನ ಕೆಳಗೆ ಗಾಜಿನ ಪೆಟ್ಟಿಗೆಯೊಳಗೆ ಎಷ್ಟಿರುತ್ತದೆಂದು ಒಂದು ಥರ್ಮಾಮೀಟರ್ ಇಟ್ಟು ನೋಡಿದರೆ ತಮಗೇ ತಿಳಿಯುತ್ತದೆ. ಮರ ಹತ್ತಬೇಕಾದ ಮರಿ ತಳದ ಮೂಲೆಯನ್ನು ಹಿಡಿದಿರುವುದು ಅಲ್ಲಿ ಸ್ವಲ್ಪವಾದರೂ ತಂಪು ಸಿಗುತ್ತದೆಂಬ ಕಾರಣಕ್ಕೇ ಇರಬೇಕು.

ಪೆಟ್ಟಿಗೆಯನ್ನು ನೆಲಮಹಡಿಯಲ್ಲಿ ಬಿಸಿಲು ಬೀಳದ ಕೋಣೆಗೆ ತನ್ನಿ. ಮಧ್ಯಾಹ್ನದ ಹೊತ್ತು ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಹೊರಗೋಡೆಗೆ ತಾಗಿಸಿಡಬಹುದು, ಒಳಗೆ ಇಡಬಾರದು. ಜಾಲರಿಯ ಮುಚ್ಚಳದ ಅರ್ಧ ಭಾಗಕ್ಕೆ ಒದ್ದೆ ಬಟ್ಟೆ ಹಾಸಿ, ಕೋಣೆಯ ಫ್ಯಾನ್ ಹಾಕಿದರೂ ಶಾಖ ಇಳಿಯುತ್ತದೆ. ನಮ್ಮ ಭಾಗದಲ್ಲಿ ರಾತ್ರಿ ತಾನಾಗಿಯೇ ತಂಪಾಗುವುದು ದೊಡ್ಡ ಅನುಕೂಲ, ಏಕೆಂದರೆ ಈ ಜೀವಿ ಓಡಾಡುವುದೂ ತಿನ್ನುವುದೂ ಕತ್ತಲಾದ ಮೇಲೆಯೇ.

ಎರಡನೆಯದು ಜಾಗ. 3 ಗ್ರಾಂ ಮರಿಗೆ ಎರಡು ಅಡಿಯ ಪೆಟ್ಟಿಗೆಯಲ್ಲಿ ಆಹಾರದ ಬಟ್ಟಲು ಎಲ್ಲಿದೆ ಎಂಬುದೇ ಸಿಗದೆ ಹೋಗಬಹುದು. ಸದ್ಯಕ್ಕೆ ಐದಾರು ಲೀಟರಿನ ಪ್ಲಾಸ್ಟಿಕ್ ಡಬ್ಬಕ್ಕೆ ಗಾಳಿಯಾಡಲು ಸಾಕಷ್ಟು ತೂತುಗಳನ್ನು ಕೊರೆದು, ತಳಕ್ಕೆ ಟಿಶ್ಯೂ ಕಾಗದ ಹಾಸಿ, ಒಂದೆರಡು ತೆಳು ಕೊಂಬೆಗಳನ್ನೂ ಪ್ಲಾಸ್ಟಿಕ್ ಎಲೆಗಳ ಗೊಂಚಲನ್ನೂ ಇಟ್ಟರೆ ಸಾಕು. ಎಲೆಗಳ ಮರೆ ದಟ್ಟವಾಗಿರಲಿ. ತಮಗೆ ಮರಿ ಕಾಣದಂತೆ ಇದ್ದರೆ ಮರಿಗೆ ಒಳ್ಳೆಯದು. ಸಂಜೆ ಎಲೆಗಳ ಮೇಲೆ ಚೆನ್ನಾಗಿ ನೀರು ಸಿಂಪಡಿಸಿ. ಅದು ಬಟ್ಟಲಿನ ನೀರಿಗಿಂತ ಎಲೆಯ ಮೇಲಿನ ಹನಿಗಳನ್ನೇ ಹೆಚ್ಚಾಗಿ ನೆಕ್ಕುತ್ತದೆ. ಮರುದಿನ ಮಧ್ಯಾಹ್ನದ ವೇಳೆಗೆ ಡಬ್ಬ ಬಹುಮಟ್ಟಿಗೆ ಆರಿರಬೇಕು. ಸದಾ ಒದ್ದೆಯಾಗಿದ್ದರೆ ಬೂಷ್ಟು ಹಿಡಿಯುತ್ತದೆ, ಸದಾ ಒಣಗಿದ್ದರೆ ಮೈಯ ಪೊರೆ ಪೂರ್ತಿ ಕಳಚದೆ ಬೆರಳುಗಳಿಗೂ ಬಾಲದ ತುದಿಗೂ ಅಂಟಿಕೊಂಡು ರಕ್ತಸಂಚಾರವನ್ನೇ ತಡೆಯುತ್ತದೆ.

ಇನ್ನು ರಸಬಾಳೆಯ ವಿಷಯ. ಅದರ ಪರಿಮಳಕ್ಕೆ ಮನುಷ್ಯರೇ ಸೋಲುವಾಗ ಗೆಕೊ ನೆಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಬಾಳೆಹಣ್ಣಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಬಹಳ ಹೆಚ್ಚು. ಬೆಳೆಯುವ ಮರಿ ಅದನ್ನೇ ತಿನ್ನುತ್ತಿದ್ದರೆ ದವಡೆ ಮೆತ್ತಗಾಗುತ್ತದೆ, ಬೆನ್ನು ಮತ್ತು ಬಾಲ ಸೊಟ್ಟಗಾಗುತ್ತವೆ. ಸಿಹಿಯ ರುಚಿ ಹತ್ತಿದ ಮೇಲೆ ಪುಡಿಯ ಆಹಾರವನ್ನು ಒಲ್ಲೆನೆನ್ನುವುದೂ ಉಂಟು. ಕ್ರೆಸ್ಟೆಡ್ ಗೆಕೊಗಾಗಿಯೇ ತಯಾರಿಸಿದ ಪುಡಿಯಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್‌ಗಳು ಇರುತ್ತವೆಯಾದ್ದರಿಂದ ಅದೇ ಮುಖ್ಯ ಆಹಾರವಾಗಿರಲಿ. ಹದ ನೀರುದೋಸೆ ಹಿಟ್ಟಿಗಿಂತ ಗಟ್ಟಿಯಾಗಿ, ಇಡ್ಲಿ ಹಿಟ್ಟಿಗಿಂತ ತೆಳುವಾಗಿರಲಿ. ನೀರಿನ ಬಾಟಲಿಯ ಮುಚ್ಚಳದಲ್ಲಿ ಅರ್ಧದಷ್ಟು ಹಾಕಿ, ತಳದಲ್ಲಿಡದೆ ಡಬ್ಬದ ನಡುಮಟ್ಟದಲ್ಲಿ ಕೊಂಬೆಯ ಪಕ್ಕ ಕೂರಿಸಿ, ದೀಪ ಆರಿಸಿ ಬಂದುಬಿಡಿ. ಈ ಸೆಕೆಯಲ್ಲಿ ಅದು ಹುಳಿಯುತ್ತದೆಯಾದ್ದರಿಂದ ಬೆಳಿಗ್ಗೆ ತೆಗೆದುಬಿಡಬೇಕು.

ತಿಂದಿದೆಯೇ ಎಂಬುದನ್ನು ಬಟ್ಟಲಿನ ಮಟ್ಟ ನೋಡಿ ತೀರ್ಮಾನಿಸಲಾಗದು, ಇಷ್ಟು ಚಿಕ್ಕ ಮರಿ ಒಂದು ಹೊತ್ತಿಗೆ ನೆಕ್ಕುವುದು ಅತ್ಯಲ್ಪ. ಕಲಸಿದ ಆಹಾರದ ಮೇಲ್ಮೈಯನ್ನು ಚಮಚದ ಹಿಂಬದಿಯಿಂದ ನುಣ್ಣಗೆ ಸವರಿಟ್ಟು, ಬೆಳಿಗ್ಗೆ ಟಾರ್ಚ್ ಓರೆಯಾಗಿ ಹಿಡಿದು ನೋಡಿ: ಅಂಚಿನಲ್ಲಿ ನಾಲಿಗೆ ತಾಗಿದ ಸಣ್ಣ ಗುಳಿಗಳು ಕಾಣುತ್ತವೆ. ಟಿಶ್ಯೂ ಕಾಗದದ ಮೇಲೆ ಬಿಳಿ ತುದಿಯ ಕಪ್ಪು ಹಿಕ್ಕೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮಕ್ಕಳಿಗೆ ಬೇಸರವಾಗಬಹುದು, ಆದರೂ ಕನಿಷ್ಠ ಎರಡು ವಾರ ಯಾರೂ ಅದನ್ನು ಮುಟ್ಟಬಾರದು. ಹೊಸ ಜಾಗಕ್ಕೆ ಬಂದ ಮರಿಗೆ ಪ್ರತಿ ಸಂಜೆಯೂ ಯಾವುದೋ ದೊಡ್ಡ ಪ್ರಾಣಿ ತನ್ನನ್ನು ಹಿಡಿಯುತ್ತಿದೆ ಎಂದೇ ಅನ್ನಿಸುತ್ತದೆ. ಗಾಬರಿಯಲ್ಲಿ ಬಾಲ ಕಳಚಿಕೊಂಡರೆ, ನಮ್ಮ ಮನೆಗೋಡೆಯ ಹಲ್ಲಿಗೆ ಬೆಳೆಯುವಂತೆ ಇದಕ್ಕೆ ಮತ್ತೆ ಬಾಲ ಬೆಳೆಯುವುದಿಲ್ಲ. ಸಂಜೆ ನೀರು ಸಿಂಪಡಿಸುವ ಕೆಲಸವನ್ನು ಮಕ್ಕಳಿಗೆ ವಹಿಸಿಕೊಡಿ, ಅವರಿಗೂ ಸಮಾಧಾನವಾಗುತ್ತದೆ.

ಪ್ರಶ್ನಿಸಿದವರ ಮರುಬರಹ (ಕುವೆಂಪುನಗರ, ಮೈಸೂರು)

ತುಂಬಾ ಧನ್ಯವಾದಗಳು ಸರ್. ಬಲ್ಬ್ ತೆಗೆದು, ಕೆಳಗಿನ ಕೋಣೆಯಲ್ಲಿ ಚಿಕ್ಕ ಡಬ್ಬಕ್ಕೆ ಬದಲಾಯಿಸಿದ್ದೇವೆ. ಮರಿ ಈಗ ರಾತ್ರಿ ಕೊಂಬೆಯ ಮೇಲಿರುತ್ತದೆ. ಇಂದು ಬೆಳಿಗ್ಗೆ ಒಂದು ಚಿಕ್ಕ ಹಿಕ್ಕೆ ಕಂಡಿತು. ತೂಕ 2.9 ಗ್ರಾಂ ಇದೆ. ಆದರೆ ಆಹಾರಕ್ಕೆ ಇರುವೆ ಮುತ್ತುತ್ತಿದೆ. ಸಣ್ಣ ಹುಳುಗಳನ್ನೂ ಕೊಡಬೇಕೇ? ವೈದ್ಯರ ಬಳಿಗೆ ಯಾವಾಗ ಹೋಗಬೇಕು?

ಉತ್ತರ (ಮಂಡ್ಯ)

ಓದಿ ಬಹಳ ಸಂತೋಷವಾಯಿತು. ಹಾಲಿನ ಪಾತ್ರೆಯನ್ನು ನೀರು ತುಂಬಿದ ತಟ್ಟೆಯಲ್ಲಿ ಇಡುತ್ತೇವಲ್ಲ, ಡಬ್ಬವನ್ನೂ ಹಾಗೆಯೇ ಅಗಲವಾದ ತಟ್ಟೆಯಲ್ಲಿ ಒಂದು ಮಣೆಯ ಮೇಲಿಡಿ. ಡಬ್ಬ ಗೋಡೆಗೆ ತಾಗದಿದ್ದರೆ ಇರುವೆ ಬರುವುದಿಲ್ಲ. ಇರುವೆ ಪುಡಿ, ಲಕ್ಷ್ಮಣರೇಖೆ, ಸೊಳ್ಳೆಬತ್ತಿ, ಗೋಡೆಗೆ ಸಿಕ್ಕಿಸುವ ಸೊಳ್ಳೆ ದ್ರವ ಇವು ಯಾವುವೂ ಆ ಕೋಣೆಯಲ್ಲಿ ಬೇಡ.

ಹುಳುಗಳನ್ನು ಎರಡು ವಾರ ಕಳೆದ ಮೇಲೆ ಕೊಟ್ಟರೆ ಸಾಕು. ಸಾಕಿ ಮಾರುವವರಿಂದ ತಂದ ಸಣ್ಣ ಕ್ರಿಕೆಟ್ ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ, ವಾರಕ್ಕೊಂದೆರಡು ಬಾರಿ ಕೊಡಿ. ಹುಳು ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರಬಾರದು. ನಮ್ಮ ಮಂಡ್ಯದ ಗದ್ದೆಗಳಿಂದ ಮಿಡತೆ ಹಿಡಿದು ತರುವ ಯೋಚನೆ ಕೆಲವರಿಗೆ ಬರುತ್ತದೆ. ಭತ್ತಕ್ಕೂ ಕಬ್ಬಿಗೂ ಕೀಟನಾಶಕ ಹೊಡೆಯುವ ಕಾರಣ ಅದು ಸರ್ವಥಾ ಸಲ್ಲದು.

0.1 ಗ್ರಾಂ ಇಳಿದದ್ದಕ್ಕೆ ಹೆದರಬೇಡಿ. ಅಷ್ಟು ವ್ಯತ್ಯಾಸ ಒಂದು ಹಿಕ್ಕೆಯಿಂದಲೂ ಆಗುತ್ತದೆ. ವಾರಕ್ಕೊಮ್ಮೆ ಮಾತ್ರ, ಕೈಯಲ್ಲಿ ಹಿಡಿಯದೆ ಚಿಕ್ಕ ಡಬ್ಬಿಗೆ ಇಳಿಸಿಕೊಂಡು ತೂಗಿ ಬರೆದಿಡಿ. 2.7ಕ್ಕಿಂತ ಕೆಳಗಿಳಿದರೆ, ಕಣ್ಣು ಗುಳಿಬಿದ್ದರೆ, ಹಿಕ್ಕೆ ನೀರಾಗಿ ವಾಸನೆ ಬಂದರೆ ಅಥವಾ ಗೋಡೆ ಹತ್ತಲಾಗದೆ ಜಾರುತ್ತಿದ್ದರೆ ಕಾಯಬೇಡಿ. ಎಲ್ಲ ಪಶುವೈದ್ಯರೂ ಸರೀಸೃಪಗಳನ್ನು ನೋಡುವುದಿಲ್ಲವಾದ್ದರಿಂದ ಮೊದಲೇ ಫೋನ್ ಮಾಡಿ ವಿಚಾರಿಸಿಕೊಳ್ಳಿ; ಹೋಗುವಾಗ ಆ ದಿನದ ಹಿಕ್ಕೆಯನ್ನು ಮುಚ್ಚಿದ ಡಬ್ಬಿಯಲ್ಲಿ ತೆಗೆದುಕೊಂಡು ಹೋದರೆ ಪರಾವಲಂಬಿ ಹುಳುಗಳ ಪರೀಕ್ಷೆ ಅಂದೇ ಆಗಬಹುದು. ಮುಂದಿನ ವಾರದ ತೂಕವನ್ನು ಇಲ್ಲಿಯೇ ಬರೆಯಿರಿ, ನೋಡುತ್ತೇನೆ.