ಪದಚರ್ಚೆ: ಮುದ್ರೆಯುಂಗುರವನ್ನು ಕೆತ್ತುವುದೋ, ಕೊರೆಯುವುದೋ, ಕಂಡರಿಸುವುದೋ?

ಗೆಳೆಯರೇ, ನಮಸ್ಕಾರ.

ಒಂದು ಕ್ರಿಯಾಪದಕ್ಕಾಗಿ ಹದಿನೈದು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ನನ್ನ ತಂಗಿಯ ಮಗಳು ಲಂಡನ್ನಿನಲ್ಲಿ ಹಿರಿಯ ಕೆಲಸಗಾರರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದಾಳೆ. ಚಿನ್ನದ ಉಂಗುರ, ಬೆಳ್ಳಿ ತಟ್ಟೆಗಳ ಮೇಲೆ ಮನೆತನದ ಲಾಂಛನಗಳನ್ನು ಕೈಯಿಂದಲೇ ಮೂಡಿಸುವ ಕೆಲಸ. "ಮೂಡಿಸುವ" ಅಂತ ಬರೆದೆ ನೋಡಿ, ಅದು ನಾನು ನುಣುಚಿಕೊಂಡಿದ್ದು. ಮೊಮ್ಮಗಳು ಏನು ಕಲಿಯುತ್ತಿದ್ದಾಳೆ ಅಂತ ಊರಲ್ಲಿರುವ ಅಮ್ಮನಿಗೆ ನಾಲ್ಕು ಪುಟ ಬರೆದು ಕಳಿಸೋಣ ಅಂತ ಕೂತೆ. ಮೊದಲ ಸಾಲಿಗೇ ಪೆನ್ನು ನಿಂತಿತು.

ಅಮ್ಮ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಪಾತ್ರೆ ಅಂಗಡೀಲಿ ಹೆಸರು ಹಾಕ್ತಾರಲ್ಲ, ಅದಾ? ಅದಕ್ಕೆ ಲಂಡನ್ನಿಗೆ ಹೋಗ್ಬೇಕಿತ್ತಾ?"

ಪ್ರಶ್ನೆ ತಮಾಷೆಯದಲ್ಲ. ಸ್ಟೀಲ್ ಪಾತ್ರೆಗೆ ನಾವು ಹೆಸರು "ಹಾಕಿಸುತ್ತೇವೆ", "ಬರೆಸುತ್ತೇವೆ". ಅಲ್ಲಿ ಕರೆಂಟಿನ ಪೆನ್ನು ಗರ್ರ್ ಅಂತ ಚುಕ್ಕೆ ಚುಕ್ಕೆಯಾಗಿ ಕುಕ್ಕಿಕೊಂಡು ಹೋಗುತ್ತದೆ. ಇಲ್ಲಿ ನಡೆಯುವುದು ಬೇರೆ. ಹೋದ ತಿಂಗಳು ಅವಳ ಪಕ್ಕ ಒಂದು ಮಧ್ಯಾಹ್ನ ಕೂತು ನೋಡಿದೆ.

ಮರಳು ತುಂಬಿದ ದುಂಡನೆಯ ತೊಗಲಿನ ದಿಂಬು. ಅದರ ಮೇಲೆ ತಾಮ್ರದ ಪುಟ್ಟ ತಗಡು. ಬಲಗೈಯಲ್ಲಿ ಗೇಣಿಗಿಂತ ಚಿಕ್ಕದಾದ ಉಕ್ಕಿನ ಕಡ್ಡಿ, ಹಿಡಿ ಅಣಬೆಯ ಹಾಗೆ, ಅಂಗೈಗೆ ಸರಿಯಾಗಿ ಕೂರುತ್ತದೆ. ಸುತ್ತಿಗೆ ಇಲ್ಲವೇ ಇಲ್ಲ. ಅಂಗೈಯಿಂದ ತಳ್ಳುವುದು, ಹೆಬ್ಬೆರಳೇ ಬ್ರೇಕು. ಮೊನೆಯ ಮುಂದೆ ತಾಮ್ರ ಕೂದಲೆಳೆಯ ಹಾಗೆ ಸುರುಳಿ ಸುತ್ತಿಕೊಂಡು ಎದ್ದು ಬರುತ್ತದೆ. ಗೆರೆ ಬಾಗಬೇಕಾದಾಗ ಬಲಗೈ ತಿರುಗುವುದಿಲ್ಲ, ಎಡಗೈ ದಿಂಬನ್ನು ತಿರುಗಿಸುತ್ತದೆ. ನೋಡಿದಾಗ ನನಗೆ ನೆನಪಾದದ್ದು ನೇಗಿಲು. ಅವಳಿಗೆ ಮೊದಲು ಕಲಿಸಿದ್ದು ಮೊನೆ ಮಸೆಯುವುದನ್ನು, ಆಮೇಲೆ ಬರೀ ನೇರ ಗೆರೆ, ಆಮೇಲೆ ಬಾಗಿದ ಗೆರೆ. ಸಿಂಹ, ಹದ್ದು ಎಲ್ಲ ಆಮೇಲಿನ ಮಾತು.

ಈಗ ಹೇಳಿ, ಇದು "ಕೆತ್ತುವುದು" ಆಯಿತಾ? ಕೆತ್ತುವುದು ಅಂದರೆ ನನ್ನ ಕಿವಿಗೆ ಉಳಿ, ಸುತ್ತಿಗೆ, ಚಕ್ಕೆ ಹಾರುವ ಸದ್ದು. "ಕೊರೆಯುವುದು" ಅಂದರೆ ಬೋರ್‌ವೆಲ್, ಹುಳ, ಚಳಿ, ಇಲ್ಲವೇ ನಮ್ಮ ಕೆಲವು ಭಾಷಣಕಾರರು. "ಗೀರುವುದು" ಅಂದರೆ ಬರೀ ಗುರುತು ಬೀಳುತ್ತದೆ, ಲೋಹ ಎದ್ದು ಬರುವುದಿಲ್ಲ. "ಹೆರೆಯುವುದು" ಹತ್ತಿರ ಬಂತು, ಆದರೆ ತೆಂಗಿನಕಾಯಿ ಕಣ್ಣಮುಂದೆ ಬಂದುಬಿಡುತ್ತದೆ.

ನನ್ನ ಮನಸ್ಸು ಹೋಗುತ್ತಿರುವುದು "ಕಂಡರಿಸು" ಕಡೆಗೆ. ಶ್ರವಣಬೆಳಗೊಳದ ಹೊಯ್ಸಳರ ಕಾಲದ ಶಾಸನಗಳಲ್ಲಿ ಅಕ್ಷರ ಬಿಡಿಸಿದವನು "ಕಂಡರಿಸಿದಂ" ಎಂದು ತನ್ನ ಹೆಸರು ಹೇಳಿಕೊಳ್ಳುತ್ತಾನೆ. ಅದೂ ಕಲ್ಲಿನ ಕೆಲಸವೇ, ಸುತ್ತಿಗೆಯದೇ, ಒಪ್ಪಿದೆ. ಆದರೆ ಇವತ್ತು ಆ ಪದಕ್ಕೆ ಬೇರೆ ಕೆಲಸವಿಲ್ಲ, ಖಾಲಿ ಕೂತಿದೆ. ಖಾಲಿ ಇರುವ ಪದಕ್ಕೆ ಕೆಲಸ ಕೊಡುವುದು ಸುಲಭ ಅಲ್ವಾ? ಅಮ್ಮನಿಗೆ ಅರ್ಥವಾಗುತ್ತಾ ಅನ್ನುವುದೊಂದೇ ಅನುಮಾನ.

ಉಳಿದ ಪದಗಳಿಗೆ ಇಷ್ಟು ಕಷ್ಟವಾಗಲಿಲ್ಲ. ಲಾಂಛನದ ಭಾಗಗಳನ್ನು ವಿವರಿಸಲು ನಮ್ಮ ರಾಜ್ಯದ ಲಾಂಛನವೇ ಸಾಕು. ಅದರ ಕಟ್ಟು ಪೂರಾ ಯುರೋಪಿನದು: ನಡುವೆ ಗಂಡಭೇರುಂಡದ ಗುರಾಣಿ, ಅಕ್ಕಪಕ್ಕ ಶರಭಗಳು, ಕೆಳಗೆ ಧ್ಯೇಯವಾಕ್ಯ, ಗುರಾಣಿಯ ನೆತ್ತಿಯ ಮೇಲೆ ಅಶೋಕನ ಸಿಂಹಗಳು. ಇಂಗ್ಲೆಂಡಿನಲ್ಲಿ ಈ ನೆತ್ತಿಯ ಭಾಗ ಶಿರಸ್ತ್ರಾಣದ ಮೇಲೆ ಕೂರುತ್ತದೆ. ಚಿಕ್ಕ ಉಂಗುರದ ಮೇಲೆ ಜಾಸ್ತಿ ಹಾಕಿಸಿಕೊಳ್ಳುವುದು ಇದೊಂದನ್ನೇ. ಇದನ್ನು ನಾನು "ತುರಾಯಿ" ಅಂತ ಕರೆದಿದ್ದೇನೆ. ಪೇಟದ ತುರಾಯಿ ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಡ.

ಎಡ ಬಲದ ಗೊಂದಲವೂ ಇತ್ತು. ಗುರಾಣಿಯ ಬಲ ಅಂದರೆ ಅದನ್ನು ಹಿಡಿದವನ ಬಲ, ನೋಡುವ ನಮಗೆ ಅದು ಎಡ. ಇದಕ್ಕೆ ಹೊಸ ಪದ ಹುಡುಕುತ್ತಾ ಕೂತವನಿಗೆ ದೇವಸ್ಥಾನ ನೆನಪಾಯಿತು. "ದೇವರ ಬಲಗಡೆ" ಅಂದಾಗ ನಾವು ನಮ್ಮ ಬಲ ನೋಡುತ್ತೇವಾ? "ಗುರಾಣಿಯ ಬಲಗಡೆ" ಅಂತ ಬರೆದು ಮುಂದೆ ಹೋದೆ. ಮುದ್ರೆಯುಂಗುರದಲ್ಲಂತೂ ಇದೆಲ್ಲ ಮತ್ತೆ ತಿರುಗಿ ಕೂರುತ್ತದೆ. ಅರಗಿನ ಮೇಲೆ ಒತ್ತಿದಾಗ ಸರಿಯಾಗಿ ಕಾಣಬೇಕಲ್ಲ, ಹಾಗಾಗಿ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೆಲಸ ಮಾಡಬೇಕು. ತಗ್ಗಾಗಿದ್ದದ್ದು ಅಚ್ಚಿನಲ್ಲಿ ಉಬ್ಬುತ್ತದೆ. ಹುಡುಗಿ ಹತ್ತು ನಿಮಿಷಕ್ಕೊಮ್ಮೆ ಮೆತ್ತನೆಯ ಮೇಣಕ್ಕೆ ಒತ್ತಿ ನೋಡುತ್ತಿದ್ದಳು.

ಲೋಹಕ್ಕೆ ಬಣ್ಣ ಬಳಿಯದೆ ಬಣ್ಣ ಹೇಳುವ ಉಪಾಯ ನನಗೆ ತುಂಬ ಹಿಡಿಸಿತು. 1638ರಲ್ಲಿ ಪೆತ್ರಾ ಸಾಂಕ್ತಾ ಎಂಬ ಇಟಲಿಯ ಪಾದ್ರಿ ತನ್ನ ಪುಸ್ತಕದಲ್ಲಿ ಬಳಸಿದ ಕ್ರಮ ಅದು. ಉದ್ದ ಗೆರೆ ಎಳೆದರೆ ಕೆಂಪು, ಅಡ್ಡ ಗೆರೆ ನೀಲಿ, ಎರಡೂ ಸೇರಿದರೆ ಕಪ್ಪು, ಚುಕ್ಕೆ ಇಟ್ಟರೆ ಚಿನ್ನ, ಏನೂ ಇಲ್ಲದಿದ್ದರೆ ಬೆಳ್ಳಿ. ನಮ್ಮ ಗಂಡಭೇರುಂಡವನ್ನು ಹೀಗೆ ಬಿಡಿಸಿದರೆ ಹಕ್ಕಿಯ ಮೈ ಖಾಲಿ, ಹಿಂದಿನ ಕೆಂಪು ನೆಲಕ್ಕೆ ಒತ್ತೊತ್ತಾಗಿ ನಿಂತ ಗೆರೆಗಳು. ಇದಕ್ಕೆ "ಬಣ್ಣಗೆರೆ" ಅಂದರೆ ಸಾಕಲ್ವಾ?

ಇನ್ನು ಕಲಿಯುವವಳನ್ನು ಏನನ್ನಲಿ? ಸಾರಿಗೆ ನಿಗಮದ ಪ್ರಕಟಣೆಗಳಲ್ಲಿ "ಶಿಶಿಕ್ಷು" ಅಂತಿರುತ್ತದೆ. ಅದನ್ನು ಅಮ್ಮನ ಮುಂದೆ ಹೇಳಿದರೆ ಯಾವುದೋ ಕಾಯಿಲೆ ಅಂದುಕೊಳ್ಳುತ್ತಾಳೆ. "ಶಿಷ್ಯೆ" ಅಂದರೆ ಸಂಗೀತದ ಪಾಠದ ಹಾಗೆ. ಇಲ್ಲಿ ಕರಾರು ಇದೆ, ಅವಧಿ ಇದೆ. 1563ರ ಇಂಗ್ಲೆಂಡಿನ ಕಾಯ್ದೆ ಕಡಿಮೆಯೆಂದರೆ ಏಳು ವರ್ಷ ಅಂತ ಗೊತ್ತುಮಾಡಿತ್ತು. ಅವಧಿ ಮುಗಿಯುವವರೆಗೆ ಮದುವೆಯಾಗುವುದಿಲ್ಲ, ಹೆಂಡದಂಗಡಿಗೆ ಹೋಗುವುದಿಲ್ಲ, ಪಗಡೆ ಜೂಜು ಆಡುವುದಿಲ್ಲ ಅಂತೆಲ್ಲ ಹುಡುಗರು ಬರೆದುಕೊಡುತ್ತಿದ್ದರು. ಆ ಪತ್ರಕ್ಕೆ "ಮುಚ್ಚಳಿಕೆ" ಹೇಳಿ ಮಾಡಿಸಿದ ಪದ. ಚಿತ್ರಕಾರ ವಿಲಿಯಂ ಹೊಗಾರ್ತ್ ಕೂಡ ಹುಡುಗನಾಗಿದ್ದಾಗ ಎಲ್ಲಿಸ್ ಗ್ಯಾಂಬಲ್ ಎಂಬ ಬೆಳ್ಳಿ ಕೆಲಸದವನ ಬಳಿ ಇದೇ ಲಾಂಛನದ ಕೆಲಸಕ್ಕೆ ಸೇರಿದ್ದ. ಅವಧಿ ಮುಗಿಸದೆ 1720ರಲ್ಲಿ ಸ್ವಂತ ಅಂಗಡಿ ಹಾಕಿದ. ನಮ್ಮ ಹುಡುಗಿಗೆ ಇದನ್ನು ಹೇಳಲು ಹೋಗಿಲ್ಲ.

ಸದ್ಯಕ್ಕೆ "ಕೈಕೆಳಗೆ ಪಳಗುತ್ತಿದ್ದಾಳೆ" ಅಂತ ಬರೆದಿದ್ದೇನೆ. ಕ್ರಿಯಾಪದಕ್ಕೆ ಸರಿ, ನಾಮಪದ ಇನ್ನೂ ಬೇಕು.

ನಿಮ್ಮಲ್ಲಿ ಅಕ್ಕಸಾಲಿಗರ ಮನೆಯವರಿದ್ದರೆ ಎರಡು ವಿಷಯ ತಿಳಿಸಿ. ಸುತ್ತಿಗೆಯಿಲ್ಲದೆ ಅಂಗೈಯಿಂದ ತಳ್ಳುವ ಆ ಮೊನೆಗೂ "ಚಾಣ" ಅಂತಲೇ ಅನ್ನುತ್ತೀರಾ, ಅಥವಾ ಅದು ಹೊಡೆಯುವ ಚಾಣಕ್ಕೆ ಮಾತ್ರವಾ? ಮೊನೆ ಜಾರಿ ಬೇಡದ ಗೀರು ಬಿದ್ದರೆ ಅವಳು ನುಣುಪಾದ ಉಕ್ಕಿನ ಕಡ್ಡಿಯಿಂದ ಉಜ್ಜಿ ಉಜ್ಜಿ ಅದನ್ನು ಮುಚ್ಚುತ್ತಾಳೆ. ನಾನು "ಒಪ್ಪ ಹಾಕುವುದು" ಅಂತ ಬರೆದೆ. ಒಪ್ಪ ಹಾಕುವುದು ಹೊಳಪಿಗಷ್ಟೇನಾ, ತಪ್ಪು ಮುಚ್ಚುವುದಕ್ಕೂ ಸಲ್ಲುತ್ತಾ?