‘ತಕ್ಕದ್ದು’, ‘ಬೇಕು’, ‘ಲೇಬೇಕು’: ಅಮೆರಿಕದ ಸರ್ಕಾರಿ ಗುತ್ತಿಗೆ ನಿಯಮಗಳಿಗೆ ಕನ್ನಡ

ಎಲ್ಲರಿಗೂ ನಮಸ್ಕಾರ.

ನಾನಿರುವುದು ಮೇರಿಲ್ಯಾಂಡ್‌ನಲ್ಲಿ. ಅಮೆರಿಕದ ಕೇಂದ್ರ ಸರ್ಕಾರಕ್ಕೆ ಸಾಮಾನು, ಸೇವೆ ಒದಗಿಸುವ ಸಣ್ಣ ಗುತ್ತಿಗೆದಾರರಿಗೆ ನಿಯಮಗಳನ್ನು ಬಿಡಿಸಿ ಹೇಳುವುದು ನನ್ನ ಕೆಲಸ. ಈ ವ್ಯವಹಾರದಲ್ಲಿರುವ ಕೆಲವು ಕನ್ನಡಿಗರಿಗಾಗಿ ಹತ್ತು ಹನ್ನೆರಡು ಪುಟದ ಕನ್ನಡ ಟಿಪ್ಪಣಿ ಬರೆಯಲು ಕೂತಿದ್ದೇನೆ. ಮೊದಲ ಪುಟದಲ್ಲೇ ಕ್ರಿಯಾಪದ ಅಡ್ಡ ನಿಂತಿದೆ.

ಗದಗಿನ ಕಡೆಯ ಅಕ್ಕ ಒಬ್ಬರು, ಅವರ ಯಜಮಾನರು ಸೇರಿ ಇಲ್ಲಿ ಲೇತು, ಮಿಲ್ಲಿಂಗ್ ಮಷೀನು ಇಟ್ಟುಕೊಂಡು ರಕ್ಷಣಾ ಇಲಾಖೆಯ ದೊಡ್ಡ ಗುತ್ತಿಗೆದಾರರೊಬ್ಬರಿಗೆ ಬಿಡಿಭಾಗ ಮಾಡಿಕೊಡುತ್ತಾರೆ. ಅಕ್ಕನ ಇಂಗ್ಲಿಷ್ ಚೆನ್ನಾಗಿಯೇ ಇದೆ. ಆದರೂ ಹಳದಿ ಬಣ್ಣದಲ್ಲಿ ಗೆರೆ ಎಳೆದ ಕರಾರಿನ ಹಾಳೆಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ ಅವರು ಕೇಳಿದ್ದು ಒಂದೇ ಮಾತು: “ಇದನ್ನ ಮಾಡಾಕಬೇಕೋ, ಮಾಡಿದ್ರ ಚಲೋನೋ? ಮೊದಲ ಅದನ್ನ ಹೇಳು ತಮ್ಮಾ.”

ಆ ಒಂದು ಪ್ರಶ್ನೆಯಲ್ಲಿ ಇಡೀ ನಿಯಮಾವಳಿಯ ತಿರುಳಿದೆ. ಅಮೆರಿಕದ ಕೇಂದ್ರ ಖರೀದಿ ನಿಯಮಾವಳಿ, ಎಲ್ಲರ ಬಾಯಲ್ಲಿ ‘ಫಾರ್’, 1984ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಟ್ಟು 53 ಭಾಗ. ಅದರ ಎರಡನೇ ಭಾಗದ ವ್ಯಾಖ್ಯೆಗಳಲ್ಲಿ ‘ಶಲ್’ ಎಂದರೆ ಕಡ್ಡಾಯ, ‘ಮೇ’ ಎಂದರೆ ಅನುಮತಿ ಎಂದು ಬರೆದಿಟ್ಟಿದ್ದರು. ‘ಮಸ್ಟ್’ ಎದುರಿಗೆ ‘ಶಲ್ ನೋಡಿ’ ಎಂದಷ್ಟೇ ಇತ್ತು. ‘ಶುಡ್’ ಎಂದರೆ, ಆ ಸಂದರ್ಭಕ್ಕೆ ಹೊಂದದೆ ಹೋದರೆ ಬಿಡಬಹುದಾದ, ಉಳಿದಂತೆ ಅನುಸರಿಸಬೇಕಾದ ಕ್ರಮ. ಕಡ್ಡಾಯ, ನಿರೀಕ್ಷೆ, ಅನುಮತಿ ಎಂದು ಮೂರು ಮೆಟ್ಟಿಲು.

ಈಗ ಈ ಮೆಟ್ಟಿಲುಗಳೇ ಜಾಗ ಬದಲಿಸುತ್ತಿವೆ. 2025ರ ಏಪ್ರಿಲ್ 15ರ ಅಧ್ಯಕ್ಷೀಯ ಆದೇಶ 14275ರ ಪ್ರಕಾರ, ಕಾಯಿದೆ ಕೇಳುವ ಮಾತುಗಳು ಮತ್ತು ಖರೀದಿ ಸರಿಯಾಗಿ ನಡೆಯಲು ತೀರಾ ಅಗತ್ಯವಾದವು ಮಾತ್ರ ಫಾರ್‌ನಲ್ಲಿ ಉಳಿಯಬೇಕು. ಒಂದೊಂದೇ ಭಾಗವನ್ನು ಸರಳ ಭಾಷೆಯಲ್ಲಿ ತಿರುಗಿ ಬರೆದರು. ಹಲವೆಡೆ ‘ಶಲ್’ ಹೋಗಿ ‘ಮಸ್ಟ್’ ಬಂತು. ಇನ್ನು ಕೆಲವು ಮಾತುಗಳನ್ನು ನಿಯಮದಿಂದಲೇ ತೆಗೆದು ಮಾರ್ಗದರ್ಶಿ ಕೈಪಿಡಿಗೆ ಹಾಕಿದರು. ಅಂದರೆ ನಿನ್ನೆ ಮಾಡಲೇಬೇಕಾಗಿದ್ದದ್ದು ಇವತ್ತು ಮಾಡಿದರೆ ಒಳ್ಳೆಯದು ಎಂಬಲ್ಲಿಗೆ ಇಳಿದಿರಬಹುದು. ಹಾಗಂತ ಈಗಾಗಲೇ ಸಹಿಯಾದ ಕರಾರಿನ ಷರತ್ತು ತಾನಾಗಿ ಬಿದ್ದುಹೋಗುವುದಿಲ್ಲ. ಕರಾರನ್ನು ತಿದ್ದುವವರೆಗೂ ಹಳೆಯದೇ ಬಂಧನ. ಇದನ್ನು ಕನ್ನಡದಲ್ಲಿ ಹೇಳುವಾಗ ಕ್ರಿಯಾಪದ ಸ್ವಲ್ಪ ಜಾರಿದರೂ ಓದಿದವರಿಗೆ ನಷ್ಟ.

ನನ್ನ ತೊಡಕು ಇಲ್ಲಿದೆ. ನಮ್ಮ ಅಧಿನಿಯಮಗಳ ಕನ್ನಡದಲ್ಲಿ ‘ಶಲ್’ಗೆ ನಿಂತ ರೂಪ ‘ಮಾಡತಕ್ಕದ್ದು’. ರಾಜ್ಯಪತ್ರ ಓದುವವರಿಗೆ ಇದರಲ್ಲಿ ಗೊಂದಲವಿಲ್ಲ. ಆದರೆ ಪದದ ಬೇರು ಹಳಗನ್ನಡದ ‘ತಗು’, ಎಂದರೆ ಯೋಗ್ಯವಾಗು, ಒಪ್ಪು. ದುಡಿಮೆಗೆ ತಕ್ಕ ಕೂಲಿ, ತಪ್ಪಿಗೆ ತಕ್ಕ ಶಾಸ್ತಿ ಎನ್ನುವಾಗ ಆ ಅರ್ಥ ಇನ್ನೂ ಜೀವಂತ. ಬೇರಿನ ಪ್ರಕಾರ ‘ಮಾಡತಕ್ಕದ್ದು’ ಎಂದರೆ ಮಾಡಲು ಯೋಗ್ಯವಾದದ್ದು. ಅದು ‘ಶಲ್’ಗಿಂತ ‘ಶುಡ್’ಗೆ ಹತ್ತಿರ! ಕಾನೂನಿನ ಬಳಕೆ ಅದನ್ನು ಕಡ್ಡಾಯಕ್ಕೆ ಎಳೆದು ನಿಲ್ಲಿಸಿದೆ. ರಾಜ್ಯಪತ್ರವನ್ನು ಎಂದೂ ಕೈಯಲ್ಲಿ ಹಿಡಿಯದ ಅಕ್ಕನಿಗೆ ‘ತಕ್ಕದ್ದು’ ಎಂದು ಓದಿ ಹೇಳಿದೆ. “ಹಂಗಂದ್ರ ಮಾಡಿದ್ರ ಚಲೋ ಅಂತ ಅಲಾ?” ಎಂದರು. ಅವರ ಕಿವಿ ತಪ್ಪಲಿಲ್ಲ.

‘ಬೇಕು’ ಇನ್ನೂ ಕಷ್ಟ. ಚಹಾ ಬೇಕು ಎಂಬ ಆಸೆ, ದುಡ್ಡು ಬೇಕು ಎಂಬ ಅಗತ್ಯ, ಹೋಗಬೇಕು ಎಂಬ ಕರ್ತವ್ಯ ಎಲ್ಲವನ್ನೂ ಅದು ಒಂದೇ ಹೆಗಲ ಮೇಲೆ ಹೊರುತ್ತದೆ. ಕಚೇರಿ ಸುತ್ತೋಲೆಯ ‘ವರದಿ ಸಲ್ಲಿಸುವುದು’ ಆಜ್ಞೆಯೇ, ಆದರೆ ಆ ಧಾಟಿ ತಿಳಿದವರಿಗೆ ಮಾತ್ರ. ಹಾಗಾಗಿ ನಾನು ಸದ್ಯಕ್ಕೆ ಮಾತಿನ ಕನ್ನಡಕ್ಕೇ ಶರಣಾಗಿದ್ದೇನೆ: ಕಡ್ಡಾಯಕ್ಕೆ ‘ಮಾಡಲೇಬೇಕು’, ನಿರೀಕ್ಷೆಗೆ ‘ಮಾಡುವುದು ತಕ್ಕದ್ದು’, ಅನುಮತಿಗೆ ‘ಮಾಡಬಹುದು’. ಒಂದು ‘ಲೇ’ ಸೇರಿದ ಕೂಡಲೇ ಸಂದೇಹ ಹೋಗುತ್ತದೆ. ಆದರೆ ಪುಟಕ್ಕೆ ಇಪ್ಪತ್ತು ‘ಲೇಬೇಕು’ ಬಂದರೆ ಗದರಿದಂತೆ ಕೇಳುತ್ತದೆಯೇ? ನಡುವಿನ ಮೆಟ್ಟಿಲಿಗೆ ‘ತಕ್ಕದ್ದು’ ಬಳಸಿದರೆ ಕಾನೂನು ಕನ್ನಡ ಬಲ್ಲವರು ಅದನ್ನೇ ಕಡ್ಡಾಯ ಎಂದು ಓದಿಬಿಡುವ ಅಪಾಯವೂ ಇದೆ.

ನಿಷೇಧದಲ್ಲಿ ಕನ್ನಡ ಇಂಗ್ಲಿಷಿಗಿಂತ ಚುರುಕು. ಅಕ್ಕನ ವರ್ಕ್‌ಶಾಪಿನ ಹುಡುಗನೊಬ್ಬ ಅಳತೆ ಕೇಳಲು ಡ್ರಾಯಿಂಗಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದ. ಹಾಳೆಯ ಮೂಲೆಯಲ್ಲಿ ‘ಸಿಯುಐ’ ಎಂಬ ಮೂರು ಅಕ್ಷರ: ರಹಸ್ಯವಲ್ಲ, ಆದರೆ ನಿಯಂತ್ರಣದಲ್ಲಿಡಬೇಕಾದ ಮಾಹಿತಿ. ‘ಕಳಿಸಬೇಕಾಗಿಲ್ಲ’ ಎಂದರೆ ವಿನಾಯಿತಿ, ‘ಕಳಿಸಬಾರದು’ ಎಂದರೆ ತಡೆ, ‘ಕಳಿಸಕೂಡದು’ ಎಂದರೆ ಬಾಗಿಲೇ ಮುಚ್ಚಿತು. ನಾನು ‘ಕೂಡದು’ ಎಂದು ಬರೆದೆ. ಗೋಡೆಗೆ ಅಂಟಿಸಿದ್ದಾರೆ.

ಕನ್ನಡಕ್ಕೆ ತರಲು ತೊಡಕಾದ ಎರಡನೆಯ ಪದ ‘ಕಂಪ್ಲಯನ್ಸ್’, ಎಂದರೆ ನಿಯಮದಂತೆ ನಡೆದುಕೊಳ್ಳುವುದು. ಕರ್ನಾಟಕದ ಕಚೇರಿಗಳಲ್ಲಿ ‘ಅನುಪಾಲನಾ ವರದಿ’ ಇದೆ, ‘ಅನುಸರಣೆ’ಯೂ ನಡೆಯುತ್ತದೆ. ಅನುಸರಣೆಯಲ್ಲಿ ಹಿಂದೆ ಹೋಗುವ ಭಾವ, ಪಾಲನೆಯಲ್ಲಿ ಕಾಪಾಡಿಕೊಂಡು ಬರುವ ಭಾವ. ನನಗೆ ‘ಪಾಲನೆ’ಯೇ ಸಾಕೆನಿಸುತ್ತದೆ.

ಮೂರನೆಯ ಪದ ‘ಅಫರ್ಮೇಶನ್’ ನಿಜಕ್ಕೂ ಕಗ್ಗಂಟು. ರಕ್ಷಣಾ ಇಲಾಖೆಯ ಸೈಬರ್ ಭದ್ರತಾ ಯೋಜನೆ ಸಿಎಂಎಂಸಿಯಲ್ಲಿ ಮೂರು ಹಂತ. ಮೊದಲನೆಯದಕ್ಕೆ 15 ಅಗತ್ಯಗಳು, ಎರಡನೆಯದಕ್ಕೆ ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್‌ನ ದಾಖಲೆಯಲ್ಲಿರುವ 110. 2025ರ ನವೆಂಬರ್ 10ರಿಂದ ಇದು ಹೊಸ ಕರಾರುಗಳಿಗೆ ಹಂತ ಹಂತವಾಗಿ ಬರುತ್ತಿದೆ, ಒಳಗುತ್ತಿಗೆದಾರರಿಗೂ ಇಳಿಯುತ್ತದೆ. ಪರಿಶೀಲನೆ ಮುಗಿದ ಮೇಲೂ ಸಂಸ್ಥೆಯ ಹಿರಿಯರೊಬ್ಬರು ಪ್ರತಿವರ್ಷ ಒಂದು ‘ಅಫರ್ಮೇಶನ್’ ಸಲ್ಲಿಸಬೇಕು: ಎಲ್ಲವನ್ನೂ ಜಾರಿಗೆ ತಂದಿದ್ದೇವೆ, ಮುಂದೆಯೂ ಉಳಿಸಿಕೊಳ್ಳುತ್ತೇವೆ ಎಂದು. ‘ದೃಢೀಕರಣ’ ಎಂದರೆ ಆಗಿರುವುದಕ್ಕೆ ಸಾಕ್ಷಿ ಹೇಳಿದಂತಾಗುತ್ತದೆ, ಮುಂದಿನ ಮಾತು ಬಿಟ್ಟುಹೋಗುತ್ತದೆ. ‘ಪ್ರಮಾಣೀಕರಣ’ ಆಗಲೇ ‘ಸರ್ಟಿಫಿಕೇಶನ್’ಗೆ ಹೋಗಿದೆ. ‘ಮುಚ್ಚಳಿಕೆ’ ಎಂಬ ಹಳೆಯ ಪದಕ್ಕೆ ಬೇಕಾದ ತೂಕವಿದೆ. ಬರೆದುಕೊಟ್ಟ ಮೇಲೆ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ಯಾರಿಗೂ ವಿವರಿಸದೆ ಗೊತ್ತಾಗುತ್ತದೆ. ಆದರೆ ಅದು ಮುಂದಿನದಕ್ಕೆ ಕೊಡುವ ಮಾತು. ಜೊತೆಗೆ ಪೊಲೀಸ್ ಠಾಣೆಯ ನೆನಪನ್ನೂ ತರುತ್ತದೆ.

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಇಲ್ಲಿ ಸುಳ್ಳು ಹೇಳಿಕೆ ಕೊಟ್ಟು ಬಿಲ್ಲಿನ ಹಣ ಪಡೆದರೆ 1863ರ ಸುಳ್ಳು ಕ್ಲೇಮುಗಳ ಕಾಯಿದೆ ಬರುತ್ತದೆ. ಸರ್ಕಾರಕ್ಕಾದ ನಷ್ಟದ ಮೂರು ಪಟ್ಟು, ಮೇಲೆ ದಂಡ. ಅಕ್ಕ ಸಹಿ ಹಾಕುವ ಕಾಗದದ ಹೆಸರೇ ಅದರ ಭಾರವನ್ನು ಹೇಳುವಂತಿರಬೇಕು. ‘ಪಾಲನಾ ಮುಚ್ಚಳಿಕೆ’ ಎಂದು ಬರೆದು, ಹೊಡೆದು, ಮತ್ತೆ ಬರೆದಿದ್ದೇನೆ.

ತಾಲ್ಲೂಕು ಕಚೇರಿ, ಲೋಕೋಪಯೋಗಿ ಇಲಾಖೆ, ನ್ಯಾಯಾಲಯಗಳಲ್ಲಿ ಕೆಲಸ ಮಾಡಿದವರು ಈ ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ಇದ್ದ ಸ್ಥಿತಿಗೂ ಮುಂದಿನ ನಡತೆಗೂ ಒಟ್ಟಿಗೆ ಸಹಿ ಹಾಕಿಸಿಕೊಳ್ಳುವ ಕಾಗದಕ್ಕೆ ನಿಮ್ಮಲ್ಲಿ ಏನೆನ್ನುತ್ತಿದ್ದರು? ‘ತಕ್ಕದ್ದು’ ಎಂಬುದನ್ನು ನಿಮ್ಮೂರಿನ ಕಂಟ್ರಾಕ್ಟರುಗಳು ಕಡ್ಡಾಯ ಎಂದೇ ಓದುತ್ತಿದ್ದರೇ? ಅಕ್ಕನ ಸಹಿಗೆ ಇನ್ನೂ ಮೂರು ವಾರ ಇದೆ.